ಹನ್ನೊಂದನೆಯವನು

ನಮ್ಮ ಊರು ತಿಕೋಟಾದಿಂದ ಐದಾರು ಕಿಲೋಮೀಟರ್ ಒಳಕ್ಕೆ. ಹೆಸರು ಬೇಡ. ನಾನು ಹೇಳಲು ಹೊರಟಿರುವುದು ಆ ಒಂದು ಊರಿಗೆ ಮಾತ್ರ ಸೇರಿದ ಸಂಗತಿಯಲ್ಲ. ಮೇಲಾಗಿ ಇದರಲ್ಲಿ ಬರುವವರಲ್ಲಿ ಹೆಚ್ಚಿನವರು ಇನ್ನೂ ಇದ್ದಾರೆ.

1984ರ ಬೇಸಿಗೆ. ಹಿಂದಿನ ವರ್ಷವಷ್ಟೇ ಕಪಿಲ್ ದೇವ್ ಲಾರ್ಡ್ಸ್ ಮೈದಾನದಲ್ಲಿ ವಿಶ್ವಕಪ್ ಎತ್ತಿದ್ದ. ನಮ್ಮಂಥ ಊರುಗಳಲ್ಲೂ ಹುಡುಗರು ಚಿಣಿಪಣಿ, ಲಗೋರಿ ಬಿಟ್ಟು ಕ್ರಿಕೆಟ್ಟಿಗೆ ಬಿದ್ದಿದ್ದರು. ಜೋಳ ಕಿತ್ತ ಹೊಲವೇ ಮೈದಾನ. ಎರೆಭೂಮಿ ಬಿಸಿಲಿಗೆ ಬಾಯಿ ಬಿಟ್ಟುಕೊಂಡು ಬಿದ್ದಿರುತ್ತದೆ. ಆ ಬಿರುಕುಗಳ ಮೇಲೆ ನೀರು ಹೊಡೆದು, ಕಣದ ರೋಣಗಲ್ಲು ಉರುಳಿಸಿ ಇಪ್ಪತ್ತೆರಡು ಗಜ ನೆಲ ಹದ ಮಾಡಿಕೊಳ್ಳುತ್ತಿದ್ದೆವು. ಎಷ್ಟು ಉರುಳಿಸಿದರೂ ಒಂದೆರಡು ಬಿರುಕು ಉಳಿಯುತ್ತಿದ್ದವು. ಆ ಬಿರುಕು ಎಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡರೂ ಹೇಳಬಲ್ಲವನು ನಮ್ಮ ತಂಡದಲ್ಲಿ ಒಬ್ಬನೇ ಇದ್ದ. ನಾಲ್ಕು ಹೆಜ್ಜೆ ಓಡಿಬಂದು ಅವನು ಬಿಟ್ಟ ಕಾರ್ಕ್ ಚೆಂಡು ಅದರ ಅಂಚಿಗೆ ಬಿದ್ದು ಒಳಕ್ಕೆ ತಿರುಗುತ್ತಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ರೋಣಗಲ್ಲು ಎಳೆಯುತ್ತಿದ್ದವನೂ ಹೆಚ್ಚಾಗಿ ಅವನೇ ಆದ್ದರಿಂದ ಆ ನೆಲದ ಗುಟ್ಟು ಅವನಿಗೆ ಗೊತ್ತಿದ್ದುದರಲ್ಲಿ ಆಶ್ಚರ್ಯವೇನಿರಲಿಲ್ಲ. ಅವನ ಮನೆ ಕೇರಿಯಲ್ಲಿತ್ತು. ನನಗಿಂತ ಒಂದು ವರ್ಷಕ್ಕೆ ದೊಡ್ಡವನು. ಆದರೂ ನನಗೆ 'ನೀವು' ಅನ್ನುತ್ತಿದ್ದ; ನಾನು ಅವನಿಗೆ 'ನೀ' ಅನ್ನುತ್ತಿದ್ದೆ.

ನಾಯಕ ನಾನು. ಆಟ ಚೆನ್ನಾಗಿ ಬರುತ್ತಿತ್ತೆಂದಲ್ಲ. ಬ್ಯಾಟು ನಮ್ಮಪ್ಪ ಬಿಜಾಪುರದಿಂದ ತಂದುಕೊಟ್ಟದ್ದು, ಹೊಲ ನಮ್ಮದು, ಊರೂರಿಗೆ ಹೋಗುವ ಟ್ರ್ಯಾಕ್ಟರ್ ಕೂಡ ನಮ್ಮದೇ. ಅಂಥವನು ನಾಯಕನಾಗದೆ ಮತ್ತಾರು ಆಗಬೇಕು?

ಆ ಬೇಸಿಗೆ ಬಬಲೇಶ್ವರದಲ್ಲಿ ಒಂದು ಪಂದ್ಯ. ಅವರು ಗೆದ್ದೇ ಬಿಟ್ಟರು ಎಂಬಂತಿತ್ತು. ಆಗ ಇವನ ಕೈಗೆ ಚೆಂಡು ಕೊಟ್ಟೆ. ಆರು ವಿಕೆಟ್ ತೆಗೆದ. ಗೆದ್ದ ಮೇಲೆ ಅವನನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿದೆವು. ಹೊತ್ತವರಲ್ಲಿ ನಾನೂ ಒಬ್ಬ. ಸೋತವರು ಒಳ್ಳೆಯ ಹುಡುಗರು, ರಸ್ತೆ ಬದಿಯ ಒಂದು ಚಹಾದಂಗಡಿಗೆ ನಮ್ಮನ್ನೆಲ್ಲ ಕರೆದೊಯ್ದರು. ನಾವು ಬೆಂಚಿನ ಮೇಲೆ ಕುಳಿತೆವು. ಅವನು ಕೂರಲಿಲ್ಲ. ಯಾರೂ ಏನೂ ಹೇಳುವ ಮೊದಲೇ ಅಂಗಡಿಯ ಹೊರಗೋಡೆಯ ಮಾಡದಲ್ಲಿದ್ದ ಹಿಡಿಕೆ ಮುರಿದ ಕಪ್ಪನ್ನು ತೆಗೆದುಕೊಂಡ, ಡ್ರಮ್ಮಿನ ಪಕ್ಕದ ನೀರಿನಿಂದ ತಾನೇ ತೊಳೆದುಕೊಂಡ, ಹಿಡಿದು ನಿಂತ. ಅಂಗಡಿಯವನು ಮೇಲಿನಿಂದ ಸುರಿದ. ಅವನು ಬೇವಿನ ಮರದ ಕಡೆ ಮುಖ ಮಾಡಿ ನಿಂತು ಕುಡಿದು, ಮತ್ತೆ ತೊಳೆದು, ಮಾಡದಲ್ಲಿಟ್ಟ. ನಾನು ಬಸಿಗೆ ಸುರಿದುಕೊಂಡು ನನ್ನ ಚಹಾ ಕುಡಿದೆ. ಬಿಸಿಯಾಗಿತ್ತು, ಚೆನ್ನಾಗಿತ್ತು. ಬರುವಾಗ ಟ್ರ್ಯಾಕ್ಟರಿನಲ್ಲಿ ಅವನ ಹೆಸರು ಕೂಗುತ್ತಾ ಬಂದೆವು.

ಇದನ್ನು ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಸಿಹಿ ನೆನಪಾಗಿಯೇ ಇಟ್ಟುಕೊಂಡಿದ್ದೆ. ಮರೆತದ್ದೇನೂ ಇಲ್ಲ, ಕಪ್ಪು ಕೂಡ ನೆನಪಿನಲ್ಲಿತ್ತು. ಆದರೆ ಅದು ಆ ಬೇವಿನ ಮರದ ಹಾಗೆ, ನೀರಿನ ಡ್ರಮ್ಮಿನ ಹಾಗೆ ಚಿತ್ರದ ಒಂದು ಮೂಲೆಯಲ್ಲಿತ್ತು. ಅದು ನಡುವಿಗೆ ಬಂದದ್ದು ಪಾಲವಣಕರ್ ಬಾಲು ಎಂಬ ಬೌಲರನ ಬದುಕನ್ನು ಓದಿದಾಗ.

ಬಾಲು ಹುಟ್ಟಿದ್ದು 1876ರಲ್ಲಿ, ಧಾರವಾಡದಲ್ಲಿ. ಮನೆಮಾತು ಮರಾಠಿ, ಮೂಲ ಕೊಂಕಣದ ಪಾಲವಣ ಎಂಬ ಊರು. ಧಾರವಾಡ, ಪುಣೆ, ನಮ್ಮ ಜಿಲ್ಲೆ ಎಲ್ಲವೂ ಆಗ ಮುಂಬಯಿ ಪ್ರಾಂತ್ಯದ ಭಾಗಗಳು. ನಮ್ಮ ಜಿಲ್ಲೆಗೆ ಆಗಿನ್ನೂ ಕಲಾದಗಿಯೇ ಕೇಂದ್ರ. ಅದು ಬಿಜಾಪುರಕ್ಕೆ ಬಂದದ್ದು 1885ರಲ್ಲಿ. ಬಾಲು ಹುಟ್ಟಿದ ವರ್ಷವೇ ಶುರುವಾದ ಬರ ಎರಡು ವರ್ಷದಲ್ಲಿ ನಮ್ಮ ಸೀಮೆಯ ಎಷ್ಟೋ ಊರುಗಳನ್ನು ಬರಿದು ಮಾಡಿತು. ಅಂಥ ಕಾಲದಲ್ಲಿ ಚರ್ಮದ ಕೆಲಸ ಮಾಡುವ ಜಾತಿಯ ಮನೆಯೊಂದು ಪುಣೆಯ ದಂಡಿನ ಪ್ರದೇಶಕ್ಕೆ ಹೋಗಿ ಸೇರಿತು. ಬಿಳಿಯ ಅಧಿಕಾರಿಗಳು ಬಿಸುಟ ಸಾಮಾನುಗಳಲ್ಲಿ ಆ ಮನೆಯ ಹುಡುಗರು ಕ್ರಿಕೆಟ್ ಕಲಿತರು.

ಬಾಲುವಿನ ಮೊದಲ ಕೆಲಸ ಪಾರ್ಸಿಗಳ ಕ್ಲಬ್ಬೊಂದರಲ್ಲಿ ಪಿಚ್ ಗುಡಿಸಿ ರೋಲರ್ ಎಳೆಯುವುದು. ತಿಂಗಳಿಗೆ 3 ರೂಪಾಯಿ. ಅಲ್ಲಿಂದ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಹೋದ, ಸಂಬಳ 4 ರೂಪಾಯಿ ಆಯಿತು. ಪಿಚ್ ಹದ ಮಾಡುವುದು, ಗೆರೆ ಎಳೆಯುವುದು, ಬಲೆ ಕಟ್ಟುವುದು ಅವನ ಕೆಲಸ. ಒಬ್ಬ ಇಂಗ್ಲಿಷಿನವನು ಬೌಲ್ ಮಾಡಿ ನೋಡು ಎಂದ. ಮಾಡಿದ. ಎಡಗೈಯ ನಿಧಾನದ ಎಸೆತ. ಚೆಂಡು ಬಿದ್ದಲ್ಲಿಂದ ಎರಡೂ ಕಡೆ ಹೋಗುತ್ತಿತ್ತು. ಆ ಕಾಲದಲ್ಲಿ ಈ ದೇಶದಲ್ಲಿದ್ದ ಬಿಳಿಯ ಬ್ಯಾಟುಗಾರರಲ್ಲೇ ಹೆಸರಾದ ಜೆ.ಜಿ. ಗ್ರೆಗ್ ಎಲ್ಲರಿಗಿಂತ ಒಂದು ಗಂಟೆ ಮೊದಲೇ ಬಂದು ಬಾಲುವಿನ ಎದುರು ಅಭ್ಯಾಸ ಮಾಡುತ್ತಿದ್ದ. ತನ್ನನ್ನು ಔಟ್ ಮಾಡಿದಾಗಲೆಲ್ಲ 8 ಆಣೆ ಕೊಡುತ್ತಿದ್ದ ಎಂದು ಕತೆಯಿದೆ. ಆ ಬಲೆಯೊಳಗೆ ಬಾಲು ನೂರಾರು ಗಂಟೆ ಬೌಲ್ ಮಾಡಿದ. ಒಂದು ಸಲವೂ ಅವನ ಕೈಗೆ ಬ್ಯಾಟು ಕೊಡಲಿಲ್ಲವಂತೆ. ಇದನ್ನು ಓದಿದಾಗ ನಾನು ಹೆಚ್ಚು ಲಕ್ಷ್ಯ ಕೊಡದೆ ಮುಂದೆ ಹೋದೆ. ಯಾಕೆಂದು ಆಮೇಲೆ ಹೇಳುತ್ತೇನೆ.

ಪುಣೆಯ ಹಿಂದೂ ತಂಡಕ್ಕೆ ಯುರೋಪಿಯನ್ನರನ್ನು ಸೋಲಿಸಬೇಕಿತ್ತು. ಬಾಲು ಇಲ್ಲದೆ ಅದು ಆಗುವಂತಿರಲಿಲ್ಲ. ಚರ್ಚೆಯಾಯಿತು. ಅವನನ್ನು ಸೇರಿಸಿಕೊಳ್ಳದಿದ್ದರೆ ನಿಮ್ಮಂಥ ಮೂರ್ಖರಿಲ್ಲ ಎಂಬರ್ಥದ ಮಾತನ್ನು ಸ್ವತಃ ಗ್ರೆಗ್ ಆಡಿದ. ಆಡುವುದು ಅವನಿಗೆ ಸುಲಭವಿತ್ತು. ಅವನ ಸ್ವಂತ ಕ್ಲಬ್ಬಿನಲ್ಲಿ ಬಾಲು ಆಳಾಗಿದ್ದ, ಸದಸ್ಯನಾಗುವ ಪ್ರಶ್ನೆಯೇ ಇರಲಿಲ್ಲ. ಮತ್ತೊಬ್ಬರ ಮನೆಯಲ್ಲಿ ಉದಾರಿಯಾಗಲು ಖರ್ಚೇನು ಬರುತ್ತದೆ? ಅಂತೂ ಬಾಲುವನ್ನು ತೆಗೆದುಕೊಂಡರು. ಮೈದಾನದಲ್ಲಿ ಅವನು ಮುಟ್ಟಿದ ಚೆಂಡನ್ನು ಬ್ರಾಹ್ಮಣ ಆಟಗಾರರೂ ಮುಟ್ಟಿದರು. ಆದರೆ ಚಹಾದ ಹೊತ್ತಿಗೆ ಅವರೆಲ್ಲ ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪಿನಲ್ಲಿ ಕುಡಿದರೆ ಬಾಲುವಿಗೆ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಕುಡಿದು ಎಸೆಯಬೇಕು. ಊಟ ಬೇರೆ ತಟ್ಟೆ, ಬೇರೆ ಜಾಗ.

ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟೆ. ಆಗ ನಾವು ಬಿಜಾಪುರದಲ್ಲಿ ಮನೆ ಮಾಡಿಕೊಂಡಿದ್ದೆವು, ಊರಿಗೆ ಇನ್ನೂ ವಿಜಯಪುರ ಎಂಬ ಹೆಸರು ಬಂದಿರಲಿಲ್ಲ. ಮಾಳಿಗೆಯ ಮೇಲಿಂದ ಗೋಳಗುಮ್ಮಟದ ತಲೆ ಕಾಣುತ್ತಿತ್ತು. ಪುಣೆಯ ಆ ಪೆವಿಲಿಯನ್ನಿಗೂ ಬಬಲೇಶ್ವರದ ಆ ಬೆಂಚಿಗೂ ನಡುವೆ ಎಂಬತ್ತು-ತೊಂಬತ್ತು ವರ್ಷ. ನಡುವೆ ಒಂದು ಸ್ವಾತಂತ್ರ್ಯ, ಒಂದು ಸಂವಿಧಾನ. ನಮ್ಮದು ಇನ್ನೂ ಕೀಳು ಎನ್ನಬೇಕು. ಮಣ್ಣಿನ ಕುಡಿಕೆಯನ್ನು ಎಸೆದುಬಿಡಬಹುದು, ನಮ್ಮವನು ಕಪ್ಪನ್ನು ತೊಳೆದಿಡಬೇಕಿತ್ತು.

ಚೆಂಡನ್ನು ಮುಟ್ಟಿದವರು ಕಪ್ಪನ್ನು ಯಾಕೆ ಮುಟ್ಟಲಿಲ್ಲ? ನಾವು ಅವನನ್ನು ಹೆಗಲ ಮೇಲೆಯೇ ಹೊತ್ತಿದ್ದೆವು, ಬೆವರಿಗೆ ಬೆವರು ತಾಗಿತ್ತು. ಹಾಗಾದರೆ ಮೈಲಿಗೆ ಮೈಯಲ್ಲಿರಲಿಲ್ಲ. ಮುಟ್ಟುವುದಕ್ಕೆ ನಮ್ಮ ಅಡ್ಡಿಯಿರಲಿಲ್ಲ, ಸಮನಾಗಿ ಕೂರುವುದಕ್ಕೆ ಅಡ್ಡಿಯಿತ್ತು. ಹೆಗಲ ಮೇಲೆ ಹೊತ್ತಾಗ ಅವನು ನಮಗಿಂತ ಎತ್ತರದಲ್ಲಿದ್ದ, ಮಾಡದ ಬಳಿ ನಿಂತಾಗ ನಮಗಿಂತ ಕೆಳಗಿದ್ದ. ಬೆಂಚಿನ ಎತ್ತರವೊಂದು ಬಿಟ್ಟು ಯಾವ ಎತ್ತರವಾದರೂ ನಮಗೆ ಒಪ್ಪಿಗೆಯಿತ್ತು.

ನಮ್ಮ ಕಡೆ 'ಕಿಮ್ಮತ್ತು' ಎಂಬ ಮಾತಿದೆ. ಎತ್ತಿನ ಕಿಮ್ಮತ್ತು ಎಷ್ಟು ಎಂದೂ ಕೇಳುತ್ತೇವೆ, ಮನೆಯಲ್ಲಿ ನನ್ನ ಮಾತಿಗೆ ಕಿಮ್ಮತ್ತಿಲ್ಲ ಎಂದೂ ದೂರುತ್ತೇವೆ. ಬೆಲೆಗೂ ಮರ್ಯಾದೆಗೂ ಒಂದೇ ಶಬ್ದ. ಜರ್ಮನಿಯ ತತ್ವಜ್ಞಾನಿ ಕಾಂಟ್ 1785ರ ಒಂದು ಪುಸ್ತಕದಲ್ಲಿ ಇವೆರಡನ್ನು ಬೇರ್ಪಡಿಸಿದ. ಬೆಲೆ ಇರುವ ಯಾವುದಕ್ಕೂ ಬದಲಿಯಾಗಿ ಅಷ್ಟೇ ಬೆಲೆಯ ಇನ್ನೊಂದನ್ನು ತರಬಹುದು. ಮನುಷ್ಯನಿಗೆ ಇರುವುದು ಘನತೆ, ಅದಕ್ಕೆ ಬದಲಿಯಿಲ್ಲ ಎಂದು ಅವನ ವಾದ. ಕಾಲೇಜಿನಲ್ಲಿ ಇದನ್ನು ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡಿದ್ದೆ. ಅರ್ಥವಾದದ್ದು ಕಾರಹುಣ್ಣಿಮೆಯ ದಿನ. ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಜೂಲು ಹಾಕಿ, ಆರತಿ ಎತ್ತಿ ಓಡಿಸುತ್ತೇವೆ. ಆ ಪ್ರೀತಿ ಸುಳ್ಳಲ್ಲ, ನಮ್ಮಪ್ಪ ಎತ್ತು ಸತ್ತಾಗ ಎರಡು ದಿನ ಉಣ್ಣದೆ ಮಲಗಿದ್ದ. ಆದರೆ ಅದು ದುಡಿಮೆಗೆ ಸಲ್ಲುವ ಮರ್ಯಾದೆ. ಆರು ವಿಕೆಟ್ ತೆಗೆದವನಿಗೆ ನಾವು ಮಾಡಿದ್ದು ಆ ಜಾತಿಯ ಮೆರವಣಿಗೆ. ಈ ಹೋಲಿಕೆ ಬರೆಯಲು ನನಗೇ ಕಷ್ಟವಾಗುತ್ತದೆ, ಆದರೆ ಬೇರೆ ಯಾವುದೂ ಇಷ್ಟು ಸರಿಯಾಗಿ ಹೊಂದುವುದಿಲ್ಲ.

ಬಾಲುವಿನ ಮುಂದಿನ ಕತೆ ಏರುತ್ತಲೇ ಹೋಗುತ್ತದೆ. 1896ರ ಪ್ಲೇಗಿನ ಕಾಲಕ್ಕೆ ಮುಂಬಯಿ ಸೇರಿ ಅಲ್ಲಿನ ಹಿಂದೂ ಜಿಮ್ಖಾನಾಕ್ಕೆ ಆಡತೊಡಗಿದ. ಜೊತೆಗೆ ರೈಲ್ವೆ ಕಂಪನಿಯೊಂದರಲ್ಲಿ ನೌಕರಿ. 1906ರಲ್ಲಿ ಹಿಂದೂಗಳು ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ 8 ವಿಕೆಟ್ ಅವನವು. ಅಷ್ಟರಲ್ಲಿ ಮುಂಬಯಿಯಲ್ಲಿ ಅವನು ಉಳಿದವರ ಜೊತೆ ಕುಳಿತು ಉಣ್ಣುವಂತಾಗಿತ್ತು. 1911ರಲ್ಲಿ ಪಟಿಯಾಲದ ಮಹಾರಾಜನ ನಾಯಕತ್ವದಲ್ಲಿ ತಂಡ ಇಂಗ್ಲೆಂಡಿಗೆ ಹೋಯಿತು, ಹೆಚ್ಚಿನ ಪಂದ್ಯಗಳನ್ನು ಸೋತು ಬಂತು. ಬಾಲು ಮಾತ್ರ ಸರಾಸರಿ 18.84 ರನ್ನಿಗೆ ಒಂದರಂತೆ 114 ವಿಕೆಟ್ ತೆಗೆದ. ಆಗ ಅವನಿಗೆ ಮೂವತ್ತೈದು ವರ್ಷ. ತಮ್ಮ ಶಿವರಾಮನೂ ಆ ತಂಡದಲ್ಲಿದ್ದ.

ಸಿಗದೇ ಹೋದದ್ದು ನಾಯಕತ್ವ. 1910ರ ನಂತರ ಪ್ರತಿ ವರ್ಷ ಆ ಮಾತು ಬರುತ್ತಿತ್ತು, ಪ್ರತಿ ವರ್ಷ ಯಾರೋ ಮೇಲುಜಾತಿಯವನು ನಾಯಕನಾಗುತ್ತಿದ್ದ. ಎಂ.ಡಿ. ಪೈ ನಾಯಕನಾದಾಗ, ಈ ಗೌರವ ಹಿರಿಯನಾದ ಬಾಲುವಿಗೆ ಸಲ್ಲಬೇಕಿತ್ತು ಎಂದು ಬಹಿರಂಗವಾಗಿಯೇ ಹೇಳಿದ. ಹೇಳಿ, ನಾಯಕನಾಗಿ ಮುಂದುವರಿದ. 1920ರಲ್ಲಿ ಪೈ ಕಾಯಿಲೆ ಬಿದ್ದಾಗ ಮತ್ತೊಬ್ಬನಿಗೆ ಪಟ್ಟ ಕಟ್ಟಿ, ಬಾಲುವನ್ನು ತಂಡದಿಂದಲೇ ಕೈಬಿಟ್ಟರು. ಆಗ ತಮ್ಮಂದಿರಾದ ವಿಠ್ಠಲ ಮತ್ತು ಶಿವರಾಮ, ನಾವೂ ಆಡುವುದಿಲ್ಲ ಎಂದು ಕಾರಣ ಸಹಿತ ಬರೆದುಕೊಟ್ಟು ಹೊರನಡೆದರು. ಗದ್ದಲವಾಯಿತು. ಫೈನಲ್ ಪಂದ್ಯಕ್ಕೆ ಬಾಲುವನ್ನು ಉಪನಾಯಕನಾಗಿ ಕರೆತಂದರು. ಪಂದ್ಯದ ನಡುವೆ ಪೈ ಮೈದಾನ ಬಿಟ್ಟು ಹೊರಗೆ ಹೋದ. ಆ ಹೊತ್ತು ಬಾಲು ತಂಡ ನಡೆಸಿದ. ಮುಂದೆ 1923ರಲ್ಲಿ ವಿಠ್ಠಲ ಪೂರ್ತಿ ನಾಯಕನಾದ, ಗೆದ್ದು ತೋರಿಸಿದ.

ಪೈ ಹೊರಗೆ ಹೋದ ಆ ಸ್ವಲ್ಪ ಹೊತ್ತಿನ ಬಗ್ಗೆ ನಾನು ತುಂಬ ಯೋಚಿಸಿದ್ದೇನೆ. ಕೆಲವು ದಿನ ಅದು ದೊಡ್ಡತನ ಅನಿಸುತ್ತದೆ. ವ್ಯವಸ್ಥೆಯೊಳಗೆ ಇದ್ದುಕೊಂಡು ಒಬ್ಬ ಸಜ್ಜನ ಮಾಡಬಹುದಾದದ್ದು ಅಷ್ಟೇ, ಅದನ್ನು ಅವನು ಮಾಡಿದ. ಇನ್ನು ಕೆಲವು ದಿನ, ತಾನು ತೊರೆಯಲಾರದ್ದನ್ನು ಅರ್ಧ ಗಂಟೆ ಎರವಲು ಕೊಟ್ಟು ಮನಸ್ಸಾಕ್ಷಿಯ ಸಾಲ ತೀರಿಸಿಕೊಂಡ ಅನಿಸುತ್ತದೆ. ತೀರ್ಪು ಹೇಳುವ ಯೋಗ್ಯತೆ ನನಗಿಲ್ಲ. ನಾನೂ ನಾಯಕನಾಗಿದ್ದೆ, ನಾಲ್ಕು ವರ್ಷದಲ್ಲಿ ಅರ್ಧ ಗಂಟೆಯೂ ಹೊರಗೆ ಹೋಗಲಿಲ್ಲ.

ಆ ದಿನ ನಾನೇನು ಮಾಡಬಹುದಿತ್ತು? ಹದಿನಾರರ ಹುಡುಗ ಪರಊರಿನ ಅಂಗಡಿಯವನ ಜೊತೆ ಜಗಳ ಕಾಯಬೇಕಿತ್ತೇ? ನನ್ನ ಪರವಾಗಿ ನಾನೇ ವಾದಿಸಿ ನೋಡಿದ್ದೇನೆ. ಕಾಲ ಹಾಗಿತ್ತು. ಅವನೇ ಏನೂ ಅನ್ನಲಿಲ್ಲ. ನಾನು ಎದ್ದು ಗಲಾಟೆ ಮಾಡಿದ್ದರೆ ಏಟು ಬೀಳುತ್ತಿದ್ದುದು ಅವನಿಗೆ. ಮೂರನೆಯದು ನಿಜವೂ ಹೌದು. ಮೇಲಿನವನ ಧೈರ್ಯದ ಬಿಲ್ಲು ಎಷ್ಟೋ ಸಲ ಕೆಳಗಿನವನ ಬಾಗಿಲಿಗೆ ಬರುತ್ತದೆ. ಆದರೆ ಗಲಾಟೆ ಮಾಡಬೇಕಿರಲಿಲ್ಲ. ನನಗೆ ಚಹಾ ಬೇಡ ಎಂದಿದ್ದರೆ ಸಾಕಿತ್ತು, ಯಾರಿಗೂ ಏಟು ಬೀಳುತ್ತಿರಲಿಲ್ಲ. ಎದ್ದು ಬೇವಿನ ಮರದ ಕೆಳಗೆ ಅವನ ಪಕ್ಕ ನಿಂತು ಕುಡಿದಿದ್ದರೂ ಆಗುತ್ತಿತ್ತು. ವಿಠ್ಠಲ, ಶಿವರಾಮ ಮಾಡಿದ್ದೂ ಅದನ್ನೇ, ಪಾಲು ಬೇಡ ಎಂದರು. ಅವರು ಒಡಹುಟ್ಟಿದವರು ಎಂದು ಯಾರಾದರೂ ಹೇಳಬಹುದು. ನಾನು ನನ್ನನ್ನು ಅವನ ಗೆಳೆಯ ಎಂದು ಕರೆದುಕೊಳ್ಳುತ್ತಿದ್ದೆನಲ್ಲ.

ಇನ್ನು 'ಅವನೇ ಏನೂ ಅನ್ನಲಿಲ್ಲ' ಎಂಬ ಮಾತು. ಇದು ನಮ್ಮ ಕಡೆ ಎಲ್ಲ ಅನ್ಯಾಯಕ್ಕೂ ಹಚ್ಚುವ ಎಣ್ಣೆ. ಅವನು ಯಾರೂ ಹೇಳುವ ಮೊದಲೇ ಮಾಡಕ್ಕೆ ಕೈ ಹಾಕಿದ ಎಂದೆನಲ್ಲ, ಅದನ್ನು ನಾನು ಒಪ್ಪಿಗೆ ಎಂದು ಓದಿದ್ದೆ. ಈಗ ಯೋಚಿಸಿದರೆ, ಹೇಳಿಸಿಕೊಳ್ಳುವ ಅವಮಾನವೊಂದನ್ನಾದರೂ ಉಳಿಸಿಕೊಳ್ಳಲು ಅವನು ಬೇಗ ಕೈ ಹಾಕಿದ. ನಮ್ಮ ಎದುರಿಗೆ ಅವನಿಗೆ ಉಳಿದಿದ್ದ ಆಯ್ಕೆ ಅದೊಂದೇ, ತಾನಾಗಿ ಹೋಗುವುದೋ, ಹೋಗು ಎನ್ನಿಸಿಕೊಂಡು ಹೋಗುವುದೋ.

ಇದೇ ಇಂಗ್ಲಿಷರ ಆಳಿಕೆಯಲ್ಲಿ, ಅದೇ ಕಾಲದಲ್ಲಿ ಆಟದ ಬಗ್ಗೆ ಬೇರೆಯೇ ದಾರಿ ಹಿಡಿದವರಿದ್ದರು. ಐರ್ಲೆಂಡಿನಲ್ಲಿ ಹರ್ಲಿಂಗ್ ಎಂಬ ಆಟವಿದೆ. ಬೂದಿಮರ ಎಂದು ನಾವು ಕರೆಯಬಹುದಾದ ಒಂದು ಮರದ ಬಾಗಿದ ಕೋಲು, ಸಣ್ಣ ಗಟ್ಟಿ ಚೆಂಡು, ಕಡೆಗೆ ಹದಿನೈದು ಜನ. ನೋಡಿದರೆ ಹಾಕಿ ಹೌದು ಅಲ್ಲ ಎನ್ನುವಂತಿರುತ್ತದೆ. 1884ರಲ್ಲಿ ಥರ್ಲ್ಸ್ ಎಂಬ ಊರಿನಲ್ಲಿ ಒಂದು ಸಂಘ ಕಟ್ಟಿಕೊಂಡು, ನಮ್ಮ ಆಟ ನಮಗಿರಲಿ ಎಂದರು. ಮುಂದೆ, ಕ್ರಿಕೆಟ್ ಮೊದಲಾದ ಪರಕೀಯರ ಆಟ ಆಡಿದವನಿಗೆ ತಮ್ಮ ಸಂಘದಲ್ಲಿ ಜಾಗವಿಲ್ಲ ಎಂಬ ನಿಯಮವನ್ನೇ ಮಾಡಿದರು. ಅದನ್ನು ತೆಗೆದದ್ದು 1971ರಲ್ಲಿ. ಬಾಲುವಿನ ತಮ್ಮಂದಿರು ಹೊರನಡೆದ 1920ರಲ್ಲೇ, ನವೆಂಬರ್ 21ರಂದು, ಡಬ್ಲಿನ್ನಿನ ಕ್ರೋಕ್ ಪಾರ್ಕ್‌ನಲ್ಲಿ ಆ ಸಂಘದ ಫುಟ್ಬಾಲ್ ಪಂದ್ಯ ನಡೆಯುತ್ತಿದ್ದಾಗ ಬ್ರಿಟಿಷ್ ಪಡೆಗಳು ಗುಂಡು ಹಾರಿಸಿ 14 ಜನ ಸತ್ತರು. ಅವರಲ್ಲಿ ಒಬ್ಬ ಆಟಗಾರ, ಮೈಕೆಲ್ ಹೋಗನ್. ಅಲ್ಲಿನ ಆಟಗಾರರಿಗೆ ಎದುರಾಳಿ ಯಾರೆಂಬ ಬಗ್ಗೆ ಗೊಂದಲವಿರಲಿಲ್ಲ. ಬಾಲುವಿಗೆ ಅಂಥ ಸ್ಪಷ್ಟತೆ ಎಲ್ಲಿಂದ ಬರಬೇಕು? ಅವನ ಕೈಗೆ ಚೆಂಡು ಕೊಟ್ಟವನು ಪರಕೀಯ, ಕುಡಿಕೆ ಕೊಟ್ಟವರು ತನ್ನವರು. 'ನಮ್ಮ ಆಟ' ಎನ್ನಲು ಮೊದಲು 'ನಾವು' ಎಂಬುದೊಂದು ಇರಬೇಕಲ್ಲ.

ಬಹುಶಃ ಇದರಿಂದಲೇ ಅವನ ಕೊನೆಗಾಲದ ರಾಜಕೀಯ ನನಗೆ ಅರ್ಥವಾಗುವುದು ಇಷ್ಟು ಕಷ್ಟ. ಅಂಬೇಡ್ಕರರು ಎಳೆಯ ವಯಸ್ಸಿನಲ್ಲಿ ಬಾಲುವನ್ನು ಬಹಳ ಮೆಚ್ಚಿದ್ದರು. 1932ರ ಪುಣೆ ಒಪ್ಪಂದದ ಕಾಲದಲ್ಲಿ ಬಾಲು ಗಾಂಧೀಜಿಯ ಪಕ್ಷ ನಿಂತ. ಹಿಂದೂಗಳಾಗಿ ಸಾಯುವುದಿಲ್ಲ ಎಂದು 1935ರಲ್ಲಿ ಅಂಬೇಡ್ಕರರು ಯೇವಲೆಯಲ್ಲಿ ಘೋಷಿಸಿದಾಗ ವಿರೋಧಿಸಿದ. 1937ರ ಮುಂಬಯಿ ವಿಧಾನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಅವನನ್ನು ಅಂಬೇಡ್ಕರರ ಎದುರಿಗೇ ನಿಲ್ಲಿಸಿತು. ಅಂಬೇಡ್ಕರರಿಗೆ 13,245, ಬಾಲುವಿಗೆ 11,225 ಮತ. ಸೋತ. 1955ರಲ್ಲಿ ತೀರಿಕೊಂಡ.

ಇದಕ್ಕಾಗಿ ಬಾಲುವನ್ನು ಹಳಿಯುವವರಿದ್ದಾರೆ. ನನಗೆ ಅಷ್ಟು ಸುಲಭವಾಗಿ ಹಳಿಯಲು ಆಗುವುದಿಲ್ಲ. ಪುಣೆಯ ಕುಡಿಕೆ ಹತ್ತು-ಹನ್ನೆರಡು ವರ್ಷದಲ್ಲಿ ಮುಂಬಯಿಯ ಊಟದ ಮೇಜಾದದ್ದನ್ನು, ತನಗೆ ಸಿಗದ ನಾಯಕತ್ವ ತಮ್ಮನಿಗೆ ಸಿಕ್ಕದ್ದನ್ನು ಅವನು ಕಣ್ಣಾರೆ ಕಂಡಿದ್ದ. ತಾಳ್ಮೆಯಿಂದ ಆಡುತ್ತಾ ಹೋದರೆ ಎದುರಿನವರ ಮನಸ್ಸು ಕರಗುತ್ತದೆ ಎಂಬುದು ಅವನಿಗೆ ಪುಸ್ತಕದ ಮಾತಾಗಿರಲಿಲ್ಲ, ಬದುಕಿ ಕಂಡದ್ದು. ಆದರೂ ಆ ಅನುಭವದಲ್ಲಿ ಒಂದು ತೊಡಕಿದೆ. ಮೇಜಿಗೆ ಕರೆದದ್ದು 8 ವಿಕೆಟ್ ತೆಗೆದವನನ್ನು. ಅದೇ ಕೇರಿಯ, ಚೆಂಡು ಎಸೆಯಲು ಬಾರದ, ಯಾವುದರಲ್ಲೂ ಅಂಥ ಜಾಣನಲ್ಲದ, ಸಾಧಾರಣ ಮನುಷ್ಯನಿಗೆ ಕುಡಿಕೆಯೇ ಉಳಿಯಿತು. ನಾವು ಮೇಲಿನವರು ಸಾಧಾರಣರಾಗಿದ್ದುಕೊಂಡೇ ಬೆಂಚಿನ ಮೇಲೆ ಕೂರುತ್ತೇವೆ. ಆ ಬಬಲೇಶ್ವರದ ಪಂದ್ಯದಲ್ಲಿ ನಾನು ಹೊಡೆದದ್ದು 4 ರನ್. ಒಂದು ಕ್ಯಾಚು ಬಿಟ್ಟಿದ್ದೆ. ನನ್ನ ಗಾಜಿನ ಲೋಟಕ್ಕೆ ಅದರಿಂದ ಏನೂ ಆಗಲಿಲ್ಲ. ಅಂಬೇಡ್ಕರರು ಕೇಳುತ್ತಿದ್ದದ್ದು ಸಾಧಾರಣನಾಗಿರುವ ಈ ಹಕ್ಕನ್ನು ಎಂದು ನನಗೆ ತೋರುತ್ತದೆ. ಬಾಲು ಅದನ್ನು ಕಾಣಲಿಲ್ಲ, ಏಕೆಂದರೆ ಅವನು ಒಂದು ದಿನವೂ ಸಾಧಾರಣನಾಗಿರುವ ಅವಕಾಶ ಪಡೆದಿರಲಿಲ್ಲ.

ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮದೇ ಜಿಲ್ಲೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆಯ ಕತೆಯನ್ನು ಶಾಲೆಯಲ್ಲಿ ನಾಟಕ ಆಡಿದ್ದೆವು. ನಾನೇ ಹರಳಯ್ಯ. ಚಪ್ಪಲಿ ಹೊಲಿಯುವವನ ಪಾತ್ರಕ್ಕೆ ಗೌಡರ ಮನೆಯ ಹುಡುಗ. ಅವನು ಪರದೆ ಎಳೆಯುವುದಕ್ಕೆ. ಆಗ ಯಾರಿಗೂ ನಗು ಬರಲಿಲ್ಲ.

ಹೋದ ವರ್ಷ ವಿಜಯಪುರದ ಅಂಬೇಡ್ಕರ್ ಕ್ರೀಡಾಂಗಣದಲ್ಲಿ ಬೆಳಗಿನ ನಡಿಗೆಗೆ ಹೋದಾಗ ಅವನು ಸಿಕ್ಕ. ಬಸ್ ಕಂಡಕ್ಟರ್, ಇನ್ನು ಸ್ವಲ್ಪ ಸರ್ವೀಸ್ ಉಳಿದಿದೆ. ಮೊಮ್ಮಗಳನ್ನು ಓಟದ ಅಭ್ಯಾಸಕ್ಕೆ ಕರೆತಂದಿದ್ದ.

"ಏನ್ ಕ್ಯಾಪ್ಟನ್, ಅರಾಮ ಅದಿಯಿಲ್ಲೋ?" ಎಂದ. 'ನೀವು' ಹೋಗಿ 'ನೀ' ಬಂದಿತ್ತು. ನನಗೆ ಖುಷಿಯಾಯಿತು. ಖುಷಿಯಾದದ್ದನ್ನು ನಾನು ಗಮನಿಸಿದೆನಲ್ಲ ಎಂದು ಸ್ವಲ್ಪ ನಾಚಿಕೆಯೂ ಆಯಿತು.

ಮೆಟ್ಟಿಲ ಮೇಲೆ ಕುಳಿತೆವು. ಮಳೆ, ದ್ರಾಕ್ಷಿಯ ರೇಟು, ಏತ ನೀರಾವರಿಯ ಕಾಲುವೆ, ಮಕ್ಕಳ ನೌಕರಿ ಎಲ್ಲ ಮಾತಾದ ಮೇಲೆ ನಾನು ಗಂಟಲು ಸರಿಮಾಡಿಕೊಂಡು, "ಆ ಬಬಲೇಶ್ವರದ ಮ್ಯಾಚ್ ನೆನಪದ ಏನು?" ಎಂದೆ.

"ಯಾಕಿಲ್ಲ? ಆರು ವಿಕೆಟ್."

"ಅವತ್ತ ಆ ಚಾದಂಗಡ್ಯಾಗ..."

ಅವನು ಕೈ ಅಡ್ಡ ಮಾಡಿದ. "ಚಾದ್ದ ಬಿಡು. ಅಂಥಾ ಕಪ್ಪು ಹತ್ತ ಊರಾಗ ತೊಳದೇನಿ. ಆ ಅಂಗಡಿಯಾಂವ ನನಗ ಯಾರು? ಅಂವನ ಮಾರಿ ಸೈತ ನೆನಪಿಲ್ಲ." ಮೊಮ್ಮಗಳು ತಿರುವಿನಲ್ಲಿ ಬರುವುದನ್ನು ನೋಡುತ್ತಿದ್ದ. "ನಾ ನಿನಗ ಬ್ಯಾರೆ ಒಂದು ಕೇಳಬೇಕಂತ ಭಾಳ ದಿವಸ ಇತ್ತು. ನಾಕ ವರ್ಷ ನೀ ಕ್ಯಾಪ್ಟನ್ ಇದ್ದಿ. ನಾಕೂ ವರ್ಷ ನನ್ನ ಹನ್ನೊಂದನೇದಾಂವ ಮಾಡಿ ಯಾಕ ಕಳಸ್ತಿದ್ದಿ? ನನಗ ಬ್ಯಾಟ್ ಹಿಡಿಯಾಕ ಬರ್ತಿತ್ತು. ನೀ ಒಂದ್ ಸಲಾನೂ ನೋಡಲಿಲ್ಲ."

ಬೌಲರ್ ಆದವನು ಕೊನೆಗೆ ಬರುವುದು ಪದ್ಧತಿಯಲ್ಲವೇ ಎಂದೇನೋ ತೊದಲಿದೆ. "ಹೂಂ, ಪದ್ಧತಿ," ಎಂದು ಅವನು ನಕ್ಕ. ಸಿಟ್ಟಿನಿಂದಲ್ಲ. ಮೊಮ್ಮಗಳ ಸುತ್ತು ಮುಗಿದಿತ್ತು, ಗಡಿಯಾರ ನೋಡಿಕೊಂಡು ಎದ್ದು ಹೋದ.

ನಾನು ಇಷ್ಟು ವರ್ಷ ನನ್ನ ತಪ್ಪನ್ನು ಹುಡುಕುತ್ತಿದ್ದದ್ದು ಬೇರೆಯವರ ಅಂಗಡಿಯಲ್ಲಿ. ಅಲ್ಲಿ ತಪ್ಪು ನನ್ನದಷ್ಟೇ ಆಗಿರಲಿಲ್ಲ, ಹಂಚಿಕೊಳ್ಳಲು ಅಂಗಡಿಯವನಿದ್ದ, ಊರಿತ್ತು, ಕಾಲವಿತ್ತು. ಬ್ಯಾಟಿಂಗ್ ಸರದಿ ಬರೆಯುತ್ತಿದ್ದವನು ನಾನೊಬ್ಬನೇ. ಆ ಬ್ಯಾಟು ರಾತ್ರಿ ನಮ್ಮ ಪಡಸಾಲೆಯಲ್ಲಿ, ಅಜ್ಜನ ಹಾಸಿಗೆಯ ಪಕ್ಕ ಗೋಡೆಗೆ ಒರಗಿರುತ್ತಿತ್ತು. ಅದನ್ನು ಅವನ ಕೈಗೆ ಕೊಡದಿರಲು ಅದೇ ಕಾರಣವಾಗಿತ್ತೇ, ಅಥವಾ ಅವನಿಂದ ನಮಗೆ ಬೇಕಾದ್ದು ಬೌಲಿಂಗ್ ಮಾತ್ರ ಎಂದು ನಾನು ಮತ್ತೇನನ್ನೂ ನೋಡದೆ ಹೋದೆನೇ? ಎಷ್ಟು ಕೆದಕಿದರೂ ಅಲ್ಲಿ ಒಂದು ನೆನಪೂ ಸಿಗುತ್ತಿಲ್ಲ. ಬೇಕೆಂದು ಮಾಡಿದ್ದರೆ ನೆನಪಾದರೂ ಉಳಿಯುತ್ತಿತ್ತು.

ಆ ಕಾಲದ ಸ್ಕೋರ್ ಪುಸ್ತಕ, ಇನ್ನೂರು ಪುಟದ ಒಂದು ನೋಟುಬುಕ್ಕು, ಇನ್ನೂ ನನ್ನ ಟ್ರಂಕಿನಲ್ಲಿದೆ. ಮನೆಗೆ ಬಂದು ತೆಗೆದು ನೋಡಿದೆ. 31 ಪಂದ್ಯ. ಅವನ ಬೌಲಿಂಗ್ ಲೆಕ್ಕವನ್ನು ಕೆಂಪು ಶಾಯಿಯಲ್ಲಿ ದುಂಡಗೆ ಬರೆದಿಟ್ಟಿದ್ದೇನೆ, ಕೆಳಗೆ ಗೆರೆ ಕೂಡ ಎಳೆದಿದ್ದೇನೆ. ಬ್ಯಾಟಿಂಗ್ ಪುಟಗಳಲ್ಲಿ ಅವನ ಹೆಸರು 31 ಸಲವೂ ಹನ್ನೊಂದನೆಯ ಸಾಲಿನಲ್ಲಿದೆ. 22 ಕಡೆ ಅದರ ಮುಂದೆ 'ಆಡಲಿಲ್ಲ'. ಉಳಿದ 9 ಸಲದಲ್ಲಿ 6 ಸಲ ಅವನು ಔಟಾಗಿಲ್ಲ. ಎಲ್ಲವೂ ನನ್ನ ಅಕ್ಷರ.

ಈ ವಾರ ಅವನಿಗೆ ಅಥಣಿ ರೂಟಿನ ಡ್ಯೂಟಿ ಇದೆಯಂತೆ. ನಾಳೆ ಬೆಳಗಿನ ಬಸ್ಸಿಗೆ ತಿಕೋಟಾದವರೆಗೆ ಟಿಕೆಟ್ ತೆಗೆಸಬೇಕೆಂದಿದ್ದೇನೆ. ಪುಸ್ತಕವನ್ನು ಚೀಲಕ್ಕೆ ಹಾಕಿಟ್ಟಿದ್ದೇನೆ.